ಕಲಿತು ಕೆಟ್ಟ ಕಾರು

ಶಿಡ್ಲಘಟ್ಟದಲ್ಲಿ ಭಾನುಪ್ರಕಾಶ್ ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಇರುವ ಒಂದೇ ಕೋಣೆಯಲ್ಲಿ ಅವರ ಡ್ರೈವಿಂಗ್ ಸ್ಕೂಲು. ಇಪ್ಪತ್ತೊಂದು ವರ್ಷದಿಂದ ಒಂದೇ ಕೋಣೆ, ಒಂದೇ ಬಿಳಿ ಕಾರು, ಒಬ್ಬರೇ ಮೇಷ್ಟ್ರು. ಆ ಕಾರಿನಲ್ಲಿ ಕಲಿತವರು ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ. ಮೇಷ್ಟ್ರು ಕೂರುವುದು ಯಾವಾಗಲೂ ಎಡಗಡೆ ಸೀಟಿನಲ್ಲಿ. ಅಲ್ಲಿ ಅವರಿಗೆಂದೇ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ತಮ್ಮ ಸ್ವಂತ ಓಡಾಟಕ್ಕೆ ಅವರ ಬಳಿ ಸ್ಕೂಟರ್ ಇದೆ.

ಕಳೆದ ಶ್ರಾವಣದ ಒಂದು ಬುಧವಾರ ಕಾರಿನ ಹೊಗೆ ತಪಾಸಣೆ ಮಾಡಿಸಬೇಕಿತ್ತು. ಆ ಹೊತ್ತಿಗೆ ಕಲಿಯುವವರು ಯಾರೂ ಇರಲಿಲ್ಲವಾದ್ದರಿಂದ ಮೇಷ್ಟ್ರೇ ಬಲಗಡೆ ಕೂತು ಹೊರಟರು. ಬಸ್‌ಸ್ಟ್ಯಾಂಡ್ ಸರ್ಕಲ್ಲಿಗೆ ಬಂದು ಆಕ್ಸಲೇಟರಿನಿಂದ ಕಾಲು ತೆಗೆದಿದ್ದೇ ತಡ, ಎಂಜಿನ್ನು ಚಳಿಜ್ವರ ಬಂದವರ ಹಾಗೆ ನಡುಗಿ ಆಫ್ ಆಯಿತು. ಸ್ಟಾರ್ಟ್ ಮಾಡಿದರು. ಮತ್ತೆ ನಡುಗಿತು, ಮತ್ತೆ ಆಫ್. ಐದು ಸಲ ಹೀಗಾಯಿತು. ಹಿಂದೆ ಟೊಮೊಟೊ ಕ್ರೇಟು ತುಂಬಿದ ಲಾರಿಯೊಂದು ಹಾರನ್ ಹೊಡೆಯಲು ಶುರುಮಾಡಿತು. ಲಾರಿ ಡ್ರೈವರ್ ತಲೆ ಹೊರಗೆ ಹಾಕಿ, ಕಾರಿನ ಮೇಲಿದ್ದ ಎಲ್ ಬೋರ್ಡನ್ನು ನೋಡಿ, "ಓ, ಕಲೀತಿದೀರಾ? ನಿಧಾನಕ್ಕೆ ಕಲೀರಿ ಬಿಡಿ," ಎಂದ. ಮೇಷ್ಟ್ರಿಗೆ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಯಿಂದ ಕದಿರಮ್ಮ ಖಾಲಿ ಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ಕದಿರಮ್ಮ ದಿಬ್ಬೂರಹಳ್ಳಿಯವಳು. ಐವತ್ತನಾಲ್ಕು ವರ್ಷ. ಎರಡು ಎಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆಹುಳ. ತನ್ನ ಗೂಡನ್ನು ತಾನೇ ಗಾಡಿಯಲ್ಲಿ ಹಾಕಿಕೊಂಡು ಮಾರುಕಟ್ಟೆಗೆ ತರಬೇಕೆಂದು ಹದಿನಾಲ್ಕು ತಿಂಗಳಿಂದ ಮೇಷ್ಟ್ರ ಬಳಿ ಕಲಿಯುತ್ತಿದ್ದಳು. ಇಪ್ಪತ್ತು ದಿನದ ಕೋರ್ಸನ್ನು ನಾಲ್ಕು ಸಲ ಮಾಡಿದ್ದಳು. ಚಿಕ್ಕಬಳ್ಳಾಪುರದ ಆರ್‌ಟಿಒ ಮೈದಾನದಲ್ಲಿ ಆರು ಸಲ ಟೆಸ್ಟಿಗೆ ಹೋಗಿ ಆರು ಸಲವೂ ಫೇಲಾಗಿದ್ದಳು. ಅವಳ ದೋಷ ಒಂದೇ: ಕಾರು ನಿಂತಿರಲಿ, ಓಡಲಿ, ಅವಳ ಕಾಲು ಆಕ್ಸಲೇಟರ್ ಬಿಟ್ಟು ಮೇಲೇಳುತ್ತಿರಲಿಲ್ಲ. "ಕಾಲ್ ತೆಗೆದ್ರೆ ಗಾಡಿ ನಿದ್ದೆ ಹೋಗ್ಬಿಡ್ತದೆ ಸಾರ್," ಎನ್ನುತ್ತಿದ್ದಳು.

"ಏನ್ ಸಾರ್, ನಿಂತ್ಬಿಟ್ಟಿದೀರಾ?"

"ನಾನ್ ನಿಂತಿಲ್ಲಮ್ಮ, ಗಾಡಿ ನಿಂತಿದೆ."

"ಸ್ವಲ್ಪ ಆ ಕಡೆ ಜರುಗ್ರಿ ಸಾರ್," ಎಂದು ಅವಳು ಚೀಲಗಳನ್ನು ಹಿಂದಿನ ಸೀಟಿಗೆ ಎಸೆದು ಬಲಗಡೆ ಕೂತಳು. ಕೀ ತಿರುಗಿಸಿದಳು. ಕಾರು ಹಸು ಮೆಲುಕು ಹಾಕುವ ಹಾಗೆ ನೆಮ್ಮದಿಯಾಗಿ ಗುರುಗುಟ್ಟುತ್ತ ಸರ್ಕಲ್ ದಾಟಿತು. ಲಾರಿ ಡ್ರೈವರ್ ಚಪ್ಪಾಳೆ ಹೊಡೆದ. ಮೇಷ್ಟ್ರು ಎಡಗಡೆ ಸೀಟಿನಲ್ಲಿ ಕೂತು ರಸ್ತೆ ನೋಡುತ್ತ, ಇದು ಹೇಗಾಯಿತು ಎಂದು ಯೋಚಿಸಿದರು.

ಅವತ್ತೇ ಸಂಜೆ ಮೆಕ್ಯಾನಿಕ್ ಮೋಹನ್‌ಬಾಬು ಬಂದು ಬಾನೆಟ್ ಎತ್ತಿದ. ಮೋಹನ್‌ಬಾಬುವಿಗೆ ಮೂವತ್ತು ವರ್ಷ, ಕೈಯ ಕೆಲಸಕ್ಕಿಂತ ಮೊಬೈಲಿನಲ್ಲಿ ನೋಡಿ ತಿಳಿದದ್ದು ಹೆಚ್ಚು. ಎಂಜಿನ್ನಿನ ಸದ್ದನ್ನು ಕಣ್ಣು ಮುಚ್ಚಿ ಕೇಳಿದ.

"ಸಾರ್, ಇದ್ರಲ್ಲಿ ಒಂದು ಕಂಪ್ಯೂಟರ್ ಇದೆ, ಗೊತ್ತಲ್ಲ? ಅದು ಕಲೀತದೆ. ಓಡ್ಸೋರ ಕಾಲಿಗೆ ಹೊಂದ್ಕೊಳ್ತದೆ. ನಿಮ್ಮ ಗಾಡೀನ ಇಪ್ಪತ್ತೊಂದು ವರ್ಷ ಓಡ್ಸಿರೋರು ಯಾರು? ಓಡ್ಸೋಕೆ ಬರದೇ ಇರೋರು. ಅದಕ್ಕೇ ಓಡ್ಸೋಕೆ ಬರೋರು ಕೂತ್ರೆ ಅದಕ್ಕೆ ಕಕ್ಕಾಬಿಕ್ಕಿ. ಐಡ್ಲಿಂಗ್, ಅಂದ್ರೆ ಕಾಲು ತೆಗೆದಾಗ್ಲೂ ಎಂಜಿನ್ ಓಡ್ತಿರ್ಬೇಕಲ್ಲ, ಅದು ಕೈಕೊಡ್ತದೆ."

ಮೇಷ್ಟ್ರು ಎಡಗಡೆ ಸೀಟಿನತ್ತ ನೋಡಿದರು. ಗಿರಣಿಯ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇಪ್ಪತ್ತೊಂದು ವರ್ಷ ಪಾಠ ಹೇಳಿದ್ದು ನಾನು ಕಣಪ್ಪ. ಪಕ್ಕದಲ್ಲೇ ಕೂತಿದ್ದೆ."

"ನೀವು ಬಾಯಲ್ಲಿ ಹೇಳಿದ್ರಿ ಸಾರ್. ಅದಕ್ಕೆ ಬಾಯಿ ಕೇಳ್ಸಲ್ಲ, ಕಾಲು ಕೇಳ್ಸೋದು. ನಿಮ್ಮ ಕಡೆ ಆಕ್ಸಲೇಟರೇ ಇಲ್ಲ. ನಿಮ್ಮ ವಿಚಾರವಾಗಿ ಅದಕ್ಕೆ ಗೊತ್ತಿರೋದು ಬ್ರೇಕ್ ಒಂದೇ."

ಈ ಮಾತು ಮೇಷ್ಟ್ರ ಎದೆಗೆ ನಾಟಿತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಶ್ರೀವಿದ್ಯಾ ಎದುರು ಅದನ್ನೇ ಹೇಳಿದರು. ಶ್ರೀವಿದ್ಯಾ ಸಾರು ಬಡಿಸುತ್ತ, "ನನಗೂ ಅಷ್ಟೇ ಗೊತ್ತಿರೋದು," ಎಂದರು.

ಸುದ್ದಿ ಬೆಳಗಾಗುವುದರೊಳಗೆ ಊರೆಲ್ಲ ಹಬ್ಬಿತು. ಮೇಷ್ಟ್ರ ಕಾರು ಶಿಷ್ಯರ ತಪ್ಪುಗಳನ್ನೆಲ್ಲ ಕಲಿತುಕೊಂಡುಬಿಟ್ಟಿದೆಯಂತೆ! ಮೊದಲು ಬಂದವನು ಸಹಕಾರ ಬ್ಯಾಂಕಿನ ಸುನೀಲ್. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ.

"ಸಾರ್, ಇದು ನನ್ನಿಂದ್ಲೇ ಆಗಿರ್ಬೇಕು. ಎರಡು ಸಾವಿರದ ಹನ್ನೊಂದನೇ ಇಸವಿ. ನಾನು ಯಾವಾಗ್ಲೂ ಥರ್ಡ್ ಗೇರಲ್ಲೇ ಗಾಡಿ ಎತ್ತುತಿದ್ದೆ. ನೀವು ಮೊಬೈಲ್‌ನಲ್ಲಿ ಮಾತಾಡ್ತಿದ್ರಿ, ನೋಡ್ಲಿಲ್ಲ. ಹದಿನಾಲ್ಕು ವರ್ಷದಿಂದ ಹೇಳ್ಬೇಕು ಅಂತಿದ್ದೆ."

ಮೇಷ್ಟ್ರು ಹಾಜರಿ ಪುಸ್ತಕ ತೆಗೆದು, ಹಿಂದಿನ ಪುಟದಲ್ಲಿ ಬರೆದುಕೊಂಡರು: "ಸುನೀಲ್. 2011. ಥರ್ಡ್ ಗೇರ್."

ಆಮೇಲೆ ಜನ ನಿಲ್ಲಲಿಲ್ಲ. ನಿವೃತ್ತ ನರ್ಸ್ ಶೋಭಾರಾಣಿ ಬಂದು, ತಾನು ಕ್ಲಚ್ಚಿನ ಮೇಲೆ ಕಾಲಿಟ್ಟು ಸುಧಾರಿಸಿಕೊಳ್ಳುತ್ತಿದ್ದುದಾಗಿ ಒಪ್ಪಿಕೊಂಡರು. ಜಂಗಮಕೋಟೆಯ ಒಬ್ಬ ತೆಂಗಿನಕಾಯಿ, ಕರ್ಪೂರ ತಂದ. ಮೇಷ್ಟ್ರು ಕರ್ಪೂರ ಬೇಡವೆಂದು, ಕಾಯಿ ಮಾತ್ರ ಇಟ್ಟುಕೊಂಡರು. ಇನ್ನೊಬ್ಬ, ತಾನು ಮೂರೇ ದಿನ ಕಲಿತು ಬಿಟ್ಟವನಾದ್ದರಿಂದ ತನ್ನ ಪಾಲಿನ ತಪ್ಪು ಕಡಿಮೆ ಇರಬಹುದೇ ಎಂದು ಕೇಳಿದ. ಹಿಂದೂಪುರದಿಂದ ಫೋನ್ ಮಾಡಿದ ಹೆಂಗಸು ತೆಲುಗಿನಲ್ಲಿ ಅತ್ತಳು. ಗಿರಣಿಯವನು ಸಾಲು ನಿಂತವರಿಗೆ ಬೆಂಚು ಹಾಕಿಕೊಟ್ಟ. ವಾರದೊಳಗೆ ಪುಸ್ತಕದಲ್ಲಿ ನೂರ ಹದಿನೆಂಟು ಹೆಸರಾದವು. ತಾನು ಸರಿಯಾಗಿ ಓಡಿಸುತ್ತಿದ್ದೆ ಎಂದು ಹೇಳಲು ಒಬ್ಬರೂ ಬರಲಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚಿದಾಗಲೆಲ್ಲ ಅದೇ ಅವರನ್ನು ಕೊರೆಯುತ್ತಿತ್ತು.

"ಇದಕ್ಕೆ ದಾರಿ ಏನು?" ಎಂದು ಮೋಹನ್‌ಬಾಬುವನ್ನು ಕೇಳಿದರು.

"ಬ್ಯಾಟರಿ ವೈರು ತೆಗೆದಿಟ್ರೆ ಕಲ್ತಿದ್ದೆಲ್ಲ ಮರ್ತುಬಿಡ್ತದೆ ಸಾರ್. ಆಮೇಲೆ ಹತ್ತು ನಿಮಿಷ ಐಡ್ಲಿಂಗಲ್ಲಿ ಬಿಡಿ. ಎಸಿ, ಲೈಟು, ರೇಡಿಯೋ ಯಾವ ಲೋಡೂ ಇರ್ಬಾರ್ದು. ಆಮೇಲಿಂದ ನೀವೊಬ್ರೇ ಓಡ್ಸಿ. ಇನ್ನೊಬ್ರ ಕಾಲು ಬೀಳ್ಬಾರ್ದು."

ಭಾನುವಾರ ಮಧ್ಯಾಹ್ನ ಮೇಷ್ಟ್ರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯಂಗಳದಲ್ಲಿ ನಿಂತಿದ್ದ ಕಾರಿಗೆ, ಬೆಳಗ್ಗೆಯೇ ಬಿಚ್ಚಿಟ್ಟಿದ್ದ ಬ್ಯಾಟರಿ ವೈರನ್ನು ಮತ್ತೆ ಸಿಕ್ಕಿಸಿದರು. ಯಾವ ಲೋಡೂ ಇರಬಾರದು ಎಂಬ ಮಾತನ್ನು ಅವರು ಸ್ವಲ್ಪ ವಿಶಾಲವಾಗಿಯೇ ಅರ್ಥಮಾಡಿಕೊಂಡಿದ್ದರು. ಪಕ್ಕದ ಮನೆಯ ಮೋಟಾರು ನಿಲ್ಲಿಸಿದರು. ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದವರನ್ನು ಕಳಿಸಿದರು. ಅಡುಗೆಮನೆಯ ಕಿಟಕಿಯಿಂದ ಶ್ರೀವಿದ್ಯಾ ಕೇಳಿದರು:

"ಕುಕ್ಕರ್ ಕೂಗ್ಲಾ ಬೇಡ್ವಾ?"

"ಹತ್ತು ನಿಮಿಷ ತಡ್ಕೋ."

"ನಾನು ತಡ್ಕೋತೀನಿ. ಅನ್ನ ತಡ್ಕೋಬೇಕಲ್ಲ."

ಹತ್ತು ನಿಮಿಷ ಮೇಷ್ಟ್ರು ಬಾನೆಟ್ಟಿನ ಮುಂದೆ ಕೈಕಟ್ಟಿ ನಿಂತರು. ಕಾರು ನಡುಗಿತು, ಕೆಮ್ಮಿತು, ಎರಡು ಸಲ ಆಫ್ ಆಯಿತು. ಹೊಸದಾಗಿ ಕಲಿಯುವುದಲ್ಲವೇ, ಹೆದರಿಕೆ ಇರುತ್ತದೆ ಎಂದುಕೊಂಡರು. ಆಮೇಲೆ ಬಲಗಡೆ ಕೂತು, ಗಂಟಲು ಸರಿಮಾಡಿಕೊಂಡು, "ನೋಡಪ್ಪ, ಇದು ಫಸ್ಟ್ ಗೇರು," ಎಂದು ಕಾರಿಗೆ ಹೇಳಿ, ಕ್ಲಚ್ ಬಿಟ್ಟರು.

ಕಾರು ಕಪ್ಪೆಯ ಹಾಗೆ ಒಂದು ಸಲ ಕುಪ್ಪಳಿಸಿ ಗೇಟಿನಲ್ಲೇ ನಿಂತಿತು.

ಅವರು ಇದು ಕಾರಿನ ತಪ್ಪೆಂದೇ ನಂಬಿದ್ದರು. ಆದರೆ ಅವತ್ತು ಕೋಟೆ ವೃತ್ತದವರೆಗೆ ಹೋಗಿ ಬರುವಷ್ಟರಲ್ಲಿ ಅವರಿಗೆ ಬೇರೆಯೇ ಒಂದು ಸಂಗತಿ ಮನವರಿಕೆಯಾಯಿತು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಒಂದು ಕಾಲಕ್ಕೆ ಬರುತ್ತಿತ್ತು. ಆದರೆ ಇಪ್ಪತ್ತೊಂದು ವರ್ಷ ಎಡಗಡೆ ಕೂತು ಕೂತು ಅವರ ಬಲಗಾಲಿಗೆ ಒಂದೇ ವಿದ್ಯೆ ಉಳಿದಿತ್ತು: ಹೆದರಿಕೆಯಾದರೆ ಒತ್ತುವುದು. ಮುಂದೆ ಎಮ್ಮೆ ಬಂದರೆ ಒತ್ತುತ್ತಿತ್ತು, ಬರದಿದ್ದರೂ ಒತ್ತುತ್ತಿತ್ತು. ಕೈಯೋ, ಪಕ್ಕದಲ್ಲಿ ಕೂತವರ ಸ್ಟೀರಿಂಗನ್ನು ಹಿಡಿಯಲೆಂದು ಖಾಲಿ ಗಾಳಿಯತ್ತ ಚಾಚುತ್ತಿತ್ತು.

ಆದರೂ ಹಟ ಬಿಡದೆ ಮೂರು ದಿನ ಓಡಿಸಿದರು. ಐಡ್ಲಿಂಗು ಮೊದಲಿಗಿಂತ ಹದಗೆಟ್ಟಿತು. ಮೋಹನ್‌ಬಾಬು ಬಂದು ಎಂಜಿನ್ನಿನ ಸದ್ದು ಕೇಳಿ, ಮೇಷ್ಟ್ರ ಮುಖ ನೋಡದೆ ಹೇಳಿದ:

"ಈಗ ಅದು ನಿಮ್ಮನ್ನ ಕಲ್ತಿದೆ ಸಾರ್."

ಗೌರಿಬಿದನೂರಿನ ರೈಲ್ವೆ ಸ್ಟೇಷನ್ ಹತ್ತಿರ ಬಯ್ಯಪ್ಪ ಎಂಬ ಹಳೆಯ ಎಲೆಕ್ಟ್ರಿಷಿಯನ್ ಇದ್ದಾರೆಂದೂ, ಇಂಥ ಹಳೇ ಕಂಪ್ಯೂಟರುಗಳ ಒಳಗಿರುವುದನ್ನು ಓದುವ ಮಿಷನ್ನು ಅವರೊಬ್ಬರ ಹತ್ತಿರವೇ ಇದೆಯೆಂದೂ ಅವನೇ ಹೇಳಿದ. ಆದರೆ ಅಲ್ಲಿಯವರೆಗೆ ಕಾರನ್ನು ಒಯ್ಯುವುದು ಹೇಗೆ? ಇನ್ನೊಬ್ಬರ ಕಾಲು ಬೀಳಬಾರದು. ಮೇಷ್ಟ್ರ ಕಾಲು ಬಿದ್ದರೆ ಊರು ದಾಟುವುದೇ ಕಷ್ಟ.

ಗುರುವಾರ ಎಂದಿನಂತೆ ಕ್ಲಾಸಿಗೆ ಬಂದ ಕದಿರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಊರಿನಲ್ಲಿ ಯಾರಿಗೂ ಹೇಳದಿದ್ದದ್ದನ್ನು ಮೇಷ್ಟ್ರು ಅವಳಿಗೆ ಹೇಳಿದರು. ತಮಗೆ ಓಡಿಸಲು ಬರುವುದಿಲ್ಲ ಎಂದರು. ಅವಳು ನಗಲಿಲ್ಲ.

"ಅದಕ್ಕೇನಂತೆ? ನೀವ್ ಓಡ್ಸಿ. ನಾನ್ ಎಡಗಡೆ ಕೂತ್ಕೋತೀನಿ. ಹದಿನಾಲ್ಕು ತಿಂಗ್ಳಿಂದ ನೀವ್ ಹೇಳಿದ್ದು ಒಂದಕ್ಷರ ಮರ್ತಿಲ್ಲ ಸಾರ್ ನಾನು. ಮಾಡೋಕ್ ಬರಲ್ಲ ಅಷ್ಟೇ."

ಹೊರಟರು. ಎಡಗಡೆ ಕೂತ ಕ್ಷಣವೇ ಕದಿರಮ್ಮನ ದನಿ ಬದಲಾಯಿತು. ಸಾರ್ ಅನ್ನುವುದೇ ಹೋಯಿತು.

"ಅರ್ಧ ಕ್ಲಚ್... ಅರ್ಧ ಕ್ಲಚ್ ಅಂದ್ನಲ್ಲಪ್ಪಾ! ಮೆಲ್ಲಗೆ ಬಿಡು. ಅಯ್ಯೋ ದೇವುಡಾ, ರೋಡ್ ನೋಡು, ಗೇರ್ ನೋಡ್ಬೇಡ. ಗೇರ್ ಎಲ್ಲೂ ಓಡೋಗಲ್ಲ."

ಅವು ಮೇಷ್ಟ್ರದೇ ಮಾತುಗಳು, ಅವರದೇ ಬೈಗುಳಗಳು. ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡಾಗ ಎಷ್ಟು ಒರಟು ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು. ಆದರೂ ಅವು ಕೆಲಸ ಮಾಡಿದವು. ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಹನ್ನೊಂದು ಸಲ ಆಫ್ ಆಗಿತ್ತು. ಅಲ್ಲಿಂದ ಮುಂದೆ ನಾಲ್ಕೇ ಸಲ. ಹಂಪು ಬಂದಾಗಲೆಲ್ಲ ಕದಿರಮ್ಮ ಎಡಗಡೆಯಿಂದ ಬ್ರೇಕ್ ಒತ್ತಿ, "ನಾನಿದೀನಿ, ಹೆದ್ರಬೇಡ," ಎನ್ನುತ್ತಿದ್ದಳು.

ಮಂಚೇನಹಳ್ಳಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಬ್ಬರು ಪೊಲೀಸಿನವರು ಕೈ ತೋರಿಸಿ ನಿಲ್ಲಿಸಿದರು. ನಿಲ್ಲಿಸುವ ಕಷ್ಟವೇ ಇರಲಿಲ್ಲ, ಕಾರು ತಾನೇ ನಿಂತಿತು.

"ಲೈಸೆನ್ಸ್ ತೋರ್ಸಿ."

ಮೇಷ್ಟ್ರು ತೋರಿಸಿದರು. ಎಲ್ಲವೂ ಸರಿಯಾಗಿತ್ತು.

"ಲೈಸೆನ್ಸ್ ಇದೆಯಲ್ರೀ, ಮತ್ತೆ ಎಲ್ ಬೋರ್ಡ್ ಯಾಕೆ?"

"ಕಲಿಯೋದು ನಡೀತಿದೆ ಸಾರ್."

"ಯಾರು ಕಲೀತಿರೋದು?"

"ಗಾಡಿ."

ಪೊಲೀಸಿನವರು ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. "ಗಾಡಿಗೆ ಯಾರು ಕಲಿಸ್ತಿರೋದು?"

"ನಾನು."

"ಈಯಮ್ಮ?"

"ಸಾರ್‌ಗೆ ನಾನ್ ಕಲಿಸ್ತಿದೀನಿ," ಎಂದಳು ಕದಿರಮ್ಮ. "ನನಗೆ ಸಾರ್ ಕಲ್ಸಿದ್ದು," ಎಂದು ತನ್ನ ಎಲ್‌ಎಲ್‌ಆರ್ ಕಾಗದವನ್ನೂ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು.

ಪೊಲೀಸಿನವರು ಎರಡನ್ನೂ ಎರಡು ಕಡೆಯೂ ತಿರುಗಿಸಿ ಓದಿದರು. ಓಡಿಸಲು ಬರುತ್ತದೋ ಇಲ್ಲವೋ ಅನ್ನುವುದು ಬೇರೆ. ಲೈಸೆನ್ಸ್ ಇದ್ದವರು ಓಡಿಸುತ್ತಿದ್ದರು, ಇಲ್ಲದವರು ಪಕ್ಕದಲ್ಲಿ ಕೂತಿದ್ದರು. ತಪ್ಪು ಎಲ್ಲೋ ಇದೆ ಎಂದು ಅವರಿಗೆ ಖಾತ್ರಿಯಿತ್ತು, ಸಿಗುತ್ತಿರಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇದಕ್ಕೆ ಯಾವ ಸೆಕ್ಷನ್ನೋ ನನಗೆ ಗೊತ್ತಿಲ್ಲ. ಹೋಗಿ. ಇನ್ನೊಂದ್ ಸಲ ಈ ರೋಡಲ್ಲಿ ಬರ್ಬೇಡಿ." ಆಮೇಲೆ ಕಾರು ಸ್ಟಾರ್ಟ್ ಆಗದಿದ್ದಾಗ ಅವರೇ ಹಿಂದಿನಿಂದ ತಳ್ಳಿದರು.

ಬಯ್ಯಪ್ಪ ಎಪ್ಪತ್ತರ ಹತ್ತಿರದವರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅಂಗಡಿಯ ತುಂಬ ವೈರುಗಳು. ಕ್ಯಾಲ್ಕುಲೇಟರಿನಂಥ ಒಂದು ಪೆಟ್ಟಿಗೆಯನ್ನು ಕಾರಿಗೆ ಸಿಕ್ಕಿಸಿ, ಕನ್ನಡಕ ಮೇಲೆತ್ತಿ ಅಂಕಿಗಳನ್ನು ನೋಡಿದರು. ಮೇಷ್ಟ್ರು ಹಾಜರಿ ಪುಸ್ತಕ ತೆಗೆದು, ನೂರ ಹದಿನೆಂಟು ಹೆಸರುಗಳಲ್ಲಿ ಯಾರ ತಪ್ಪು ಹೆಚ್ಚು ಕಾಣುತ್ತಿದೆ ಎಂದು ಕೇಳಿದರು.

ಬಯ್ಯಪ್ಪ ಪುಸ್ತಕವನ್ನೂ ಅವರನ್ನೂ ನೋಡಿದರು.

"ಯಾರಪ್ಪ ನಿಮಗಿದನ್ನೆಲ್ಲ ಹೇಳಿದ್ದು? ಇದು ಹಳೇ ಕಂಪ್ಯೂಟರು. ಇದಕ್ಕೆ ಇರೋ ಬುದ್ಧಿ ಇಷ್ಟು. ಹೊಗೆ ನೋಡಿ, ಪೆಟ್ರೋಲ್ ಜಾಸ್ತಿ ಆಯ್ತೋ ಕಮ್ಮಿ ಆಯ್ತೋ ಅಂತ ಒಂಚೂರು ತಿದ್ಕೊಳ್ತದೆ. ಐಡ್ಲಿಂಗ್‌ಗೆ ಗಾಳಿ ಎಷ್ಟು ಬಿಡ್ಬೇಕು ಅಂತ ಒಂಚೂರು ನೆನಪಿಟ್ಕೊಳ್ತದೆ. ಓಡ್ಸೋರು ಯಾರು, ಒಳ್ಳೇವ್ರಾ ಕೆಟ್ಟೋರಾ, ಅದಕ್ಕೇನ್ ಗೊತ್ತು?"

"ಮತ್ತೆ ಐಡ್ಲಿಂಗು?"

ಬಯ್ಯಪ್ಪ ಎಂಜಿನ್ನಿನ ಬಾಯಿಯಿಂದ ಬೆರಳುದ್ದದ ಒಂದು ವಾಲ್ವು ಬಿಚ್ಚಿ ತೋರಿಸಿದರು. ರೊಟ್ಟಿ ಹೆಂಚಿನ ತಳದ ಹಾಗೆ ಮಸಿ ಕಟ್ಟಿತ್ತು. "ಗಾಳಿ ಹೋಗೋ ದಾರಿ ಇದು. ಮಸಿ ಕಟ್ಕೊಂಡ ಹಾಗೆಲ್ಲ ಪಾಪ ಆ ಕಂಪ್ಯೂಟರು ಇದನ್ನ ಇನ್ನಷ್ಟು, ಇನ್ನಷ್ಟು ತೆಗೆದು ಇಷ್ಟು ದಿನ ನಿಭಾಯಿಸ್ಕೊಂಡು ಬಂದಿದೆ. ಅದು ಕಲ್ತಿದ್ದು ಅಂದ್ರೆ ಅದೊಂದೇ. ಬ್ಯಾಟರಿ ತೆಗೆದು ಅದನ್ನೂ ಅಳಿಸಿದ್ರಿ ನೀವು."

"ಕದಿರಮ್ಮ ಕೂತ್ರೆ ಮಾತ್ರ ಆಫ್ ಆಗ್ತಿರ್ಲಿಲ್ವಲ್ಲ?"

"ಕಾಲು ತೆಗೀದಿದ್ರೆ ಹೇಗಪ್ಪ ಆಫ್ ಆಗ್ತದೆ?"

ವಾಲ್ವು ತೊಳೆಯಲು ಅರ್ಧ ಗಂಟೆ ಬೇಕಿತ್ತು. ಇಬ್ಬರೂ ಎದುರಿನ ಹೋಟೆಲಿನಲ್ಲಿ ಟೀ ಹಿಡಿದು ಕೂತರು. ಹಿಂದೂಪುರದ ಕಡೆಯ ರೈಲು ಬಂದು ಹೋಯಿತು. ಮೇಷ್ಟ್ರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಾರು ಶಿಷ್ಯರನ್ನಾದರೂ ನೆನಪಿಟ್ಟುಕೊಂಡಿದೆ ಎಂದು ಇಷ್ಟು ದಿನ ಹೊಟ್ಟೆಕಿಚ್ಚು ಪಡಲಾದರೂ ಆಗುತ್ತಿತ್ತು. ಈಗ ಅದೂ ಇಲ್ಲ.

"ಇಪ್ಪತ್ತೊಂದು ವರ್ಷ ಕದಿರಮ್ಮ. ಯಾರೊಬ್ಬರ ಗುರುತೂ ಇಲ್ವಂತೆ ಅದಕ್ಕೆ."

ಕದಿರಮ್ಮ ಟೀ ಊದಿ ಕುಡಿದಳು. "ನನ್ನ ಹುಳಕ್ಕೂ ನಾನ್ಯಾರು ಅಂತ ಗೊತ್ತಿಲ್ಲ ಸಾರ್. ಮೂವತ್ತು ವರ್ಷದಿಂದ ಸೊಪ್ಪು ಹಾಕಿದೀನಿ. ಗೂಡು ಕಟ್ತವೆ, ಅಷ್ಟೇ." ಸ್ವಲ್ಪ ತಡೆದು ಕೇಳಿದಳು: "ಅವರು ಹೇಳಿದ್ದು ನಿಜಾನಾ? ಇನ್ನು ಕಾಲು ತೆಗೆದ್ರೂ ನಿಲ್ಲಲ್ವಾ?"

"ನಿಲ್ಲಲ್ಲ."

"ನೀವು ಹದಿನಾಲ್ಕು ತಿಂಗ್ಳು ಹೇಳಿದ್ರಿ. ನಾನ್ ನಂಬ್ಲಿಲ್ಲ."

ವಾಪಸು ಬರುವಾಗ ಕಾರು ನಿಂತಲ್ಲೆಲ್ಲ ಎಂಜಿನ್ನು ಎಷ್ಟು ಸದ್ದಿಲ್ಲದೆ ಓಡುತ್ತಿತ್ತೆಂದರೆ, ಮೇಷ್ಟ್ರು ಎರಡು ಕಡೆ ಆಫ್ ಆಗಿದೆಯೆಂದು ತಿಳಿದು ಓಡುತ್ತಿದ್ದ ಎಂಜಿನ್ನಿಗೇ ಕೀ ತಿರುಗಿಸಿ ಕರ್ರ್ ಎನ್ನಿಸಿದರು. ಆದರೆ ಮನೆಯವರೆಗೆ ಒಂದೇ ಒಂದು ಸಲವೂ ನಿಲ್ಲಲಿಲ್ಲ.

ಮರುದಿನ ಸುನೀಲನನ್ನು ಕರೆದು ಮೇಷ್ಟ್ರು ನಿಜ ಹೇಳಿದರು: ಕಾರಿಗೆ ಏನೂ ನೆನಪಿಲ್ಲ, ನಿನ್ನ ತಪ್ಪೂ ಇಲ್ಲ. ಸುನೀಲ್ ಸಂತೋಷಪಡುವ ಬದಲು ಸಿಟ್ಟಾದ.

"ಅದೆಂಗ್ ಸಾರ್ ಆಗ್ತದೆ? ಇಪ್ಪತ್ತು ದಿನ ಪೂರ್ತಿ ಥರ್ಡ್ ಗೇರಲ್ಲಿ ಎತ್ತಿದೀನಿ. ಸ್ವಲ್ಪಾನಾದ್ರೂ ಇರ್ಲೇಬೇಕು. ನೀವು ಹೆಸರು ಹೊಡೆದು ಹಾಕ್ಬೇಡಿ."

ಉಳಿದವರೂ ಹಾಗೇ ಅಂದರು. ವಾದಿಸಿ ಸಾಕಾಗಿ ಮೇಷ್ಟ್ರು ಪುಸ್ತಕವನ್ನು ಹಾಗೇ ಇಟ್ಟುಕೊಂಡರು. ದೀಪಾವಳಿಯ ಹೊತ್ತಿಗೆ ಇನ್ನೂ ಏಳು ಜನ ಬಂದು ಹೆಸರು ಬರೆಸಿದರು.

ಕದಿರಮ್ಮ ಏಳನೇ ಸಲ ಟೆಸ್ಟಿಗೆ ಹೋದಳು. ಚಿಕ್ಕಬಳ್ಳಾಪುರದ ಮೈದಾನದಲ್ಲಿ ಇನ್‌ಸ್ಪೆಕ್ಟರು ದಿಬ್ಬದ ಮೇಲೆ ನಿಲ್ಲಿಸಲು ಹೇಳಿದರು. ಅವಳು ನಿಲ್ಲಿಸಿ, ಸೀರೆಯ ಅಂಚನ್ನು ಸ್ವಲ್ಪ ಎತ್ತಿಕೊಂಡು, ಆಕ್ಸಲೇಟರಿನಿಂದ ಬಲಗಾಲನ್ನು ಪೂರ್ತಿ ತೆಗೆದಳು. ಮೇಷ್ಟ್ರು ಮೈದಾನದ ಬೇಲಿಯಾಚೆ ನಿಂತು ತಮಗರಿವಿಲ್ಲದೆ ನೆಲವನ್ನು ಬಲಗಾಲಿನಿಂದ ಒತ್ತುತ್ತಿದ್ದರು. ಕಾರು ನಡುಗಲಿಲ್ಲ, ಕೆಮ್ಮಲಿಲ್ಲ. ಇನ್‌ಸ್ಪೆಕ್ಟರು ಕಾಗದದ ಮೇಲೆ ಏನೋ ಗೀಚಿ, "ಪಾಸ್ ಕಣಮ್ಮ, ಇನ್ನು ನಮ್ಮನ್ನ ಬಿಟ್ಬಿಡು," ಎಂದರು.

ಆಮೇಲೆ ಹುಳ ಮೂರನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿವೆ, ಸೊಪ್ಪು ಕೊಯ್ಯಬೇಕು ಎಂದು ಕದಿರಮ್ಮ ಬರುವುದನ್ನು ನಿಲ್ಲಿಸಿದಳು. ಮೇಷ್ಟ್ರು ಮಾತ್ರ ದಿನಾ ಬೆಳಗ್ಗೆ ಆರಕ್ಕೆ, ರಸ್ತೆಯಲ್ಲಿ ಹಾಲಿನ ಕ್ಯಾನಿನವರು ಬಿಟ್ಟರೆ ಬೇರಾರೂ ಇಲ್ಲದ ಹೊತ್ತಿನಲ್ಲಿ, ಒಬ್ಬರೇ ಬಲಗಡೆ ಕೂತು ದಿಬ್ಬೂರಹಳ್ಳಿ ರಸ್ತೆಯಲ್ಲಿ ಓಡಿಸಿ ಅಭ್ಯಾಸ ಮಾಡಿದರು. ಕಲಿಸುವಾಗ ಬೈಯುವುದನ್ನು ಕಡಿಮೆ ಮಾಡಿದರು; ಪೂರ್ತಿ ಬಿಡಲು ಆಗಲಿಲ್ಲ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಗೇಟಿನ ಬಳಿ ಯಾರೋ ಜೋರಾಗಿ ಹಾರನ್ ಹೊಡೆದರು. ಮೇಷ್ಟ್ರು ತಿರುಗಿ ನೋಡಿದರೆ ಒಂದು ಪುಟ್ಟ ಗೂಡ್ಸ್ ಗಾಡಿ, ಹಿಂದೆ ಗೂಡು ತುಂಬಿದ ಚೀಲಗಳು, ಕಿಟಕಿಯಲ್ಲಿ ಕದಿರಮ್ಮನ ತಲೆ.

"ಪಕ್ಕಕ್ಕೆ ಬನ್ನಿ ಸಾರ್, ರಿವರ್ಸ್ ತಗೋಬೇಕು."

ಮೇಷ್ಟ್ರು ಪಕ್ಕಕ್ಕೆ ಬಂದು, ಕೈ ಎತ್ತಿ, "ಬರ್ಲಿ, ಬರ್ಲಿ," ಎಂದು ದಾರಿ ತೋರಿಸತೊಡಗಿದರು.